ಹೊತ್ತು, ಗಳಿಗೆ, ಸೆಕೆಂಡು: ಒಂದು ಸಮಯಕ್ಕೆ ಎಷ್ಟು ಅರ್ಥ?

ಅಪ್ಪನಿಗೆ ಪಾರ್ಶ್ವವಾಯು ಬಡಿದ ದಿನ ಡಾಕ್ಟರ್ ಮೊದಲು ಕೇಳಿದ್ದು, 'ಕೊನೇ ಸಲ ಸರಿಯಾಗಿದ್ದಿದ್ದು ಎಷ್ಟು ಗಂಟೆಗೆ?' ಅಮ್ಮ ಹೇಳಿದ್ದು, 'ಡೇರಿಗೆ ಹೋಗಿ ಬಂದ ಹೊತ್ತಲ್ಲಿ ಚೆನ್ನಾಗೇ ಇದ್ರು.' ಡಾಕ್ಟರಿಗೆ ಬೇಕಿದ್ದದ್ದು ಗಂಟೆ, ಅಮ್ಮನ ಹತ್ತಿರ ಇದ್ದದ್ದು ಹೊತ್ತು.

ಕನ್ನಡದಲ್ಲಿ ಹೊತ್ತು ಅಂದರೆ ಸಮಯವೂ ಹೌದು, ಸೂರ್ಯನೂ ಹೌದು. ಅದಕ್ಕೇ ಹೊತ್ತು ಹುಟ್ಟುತ್ತೆ, ಮುಳುಗುತ್ತೆ. ಕಾಲ ಅನ್ನೋದು ಇನ್ನೂ ದೊಡ್ಡದು: ಮಳೆಗಾಲವೂ ಅದರಲ್ಲೇ, 'ಕಾಲವಾದರು' ಎಂಬ ಸಾವೂ ಅದರಲ್ಲೇ. ಪಂಚಾಂಗದ ಗಳಿಗೆ ಮಾತ್ರ ನಿಖರ ಅಳತೆ, 24 ನಿಮಿಷ. ದಿನಕ್ಕೆ 60 ಗಳಿಗೆ. ತಳದಲ್ಲಿ ತೂತಿರುವ ಬಟ್ಟಲು ನೀರಲ್ಲಿ ಮುಳುಗುವಷ್ಟು ಹೊತ್ತು ಅದು.

ಭೌತವಿಜ್ಞಾನ 1967ರಲ್ಲಿ ಸೂರ್ಯನ ಸಹವಾಸವನ್ನೇ ಬಿಟ್ಟಿತು. ಸೀಸಿಯಂ-133 ಪರಮಾಣುವಿನ ವಿಕಿರಣದ 9,192,631,770 ಆವರ್ತನೆಗಳಾದರೆ ಒಂದು ಸೆಕೆಂಡು. ನಮ್ಮ ಕೈಗಡಿಯಾರವೂ ಸೂರ್ಯನದ್ದಲ್ಲ ಬಿಡಿ. ಭಾರತೀಯ ಕಾಲಮಾನಕ್ಕೆ ಆಧಾರ ಪೂರ್ವ ರೇಖಾಂಶ 82.5 ಡಿಗ್ರಿ, ಬೆಂಗಳೂರಿರೋದು ಸುಮಾರು 77.6ರಲ್ಲಿ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರೋದು ಸರಾಸರಿ 12.20ಕ್ಕೆ.

ಕೋರ್ಟಿನ ಸಮಯವೇ ಬೇರೆ. 1963ರ ಕಾಲಮಿತಿ ಕಾಯ್ದೆಯಂತೆ ಸಿವಿಲ್ ಡಿಕ್ರಿ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಹಾಕಲು 90 ದಿನ, ಉಳಿದ ಕೋರ್ಟುಗಳಿಗೆ 30 ದಿನ. ತೀರ್ಪು ಬಂದ ದಿನ ಲೆಕ್ಕಕ್ಕಿಲ್ಲ, ನಕಲು ಪಡೆಯಲು ಹಿಡಿದ ದಿನಗಳೂ ಇಲ್ಲ. ಸಕಾರಣ ಕೊಟ್ಟರೆ ವಿಳಂಬವನ್ನೂ ಮನ್ನಿಸಬಹುದು. ಇಷ್ಟು ಉದಾರ ಗಡಿಯಾರ ಬೇರೆಲ್ಲೂ ಕಂಡಿಲ್ಲ!

ಆಸ್ಪತ್ರೆಯಲ್ಲಿ ಆ ಮನ್ನಾ ಇಲ್ಲ. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ರಕ್ತಸ್ರಾವ ಆಗಿದ್ದರೆ ಆ ಔಷಧಿಯೇ ಜೀವ ತೆಗೆದೀತು. ಲೆಕ್ಕ ಶುರುವಾಗೋದು ನಾವು ನೋಡಿ ಗಾಬರಿಯಾದ ಕ್ಷಣದಿಂದಲ್ಲ, ರೋಗಿ ಸರಿಯಾಗಿದ್ದದ್ದು ಖಚಿತವಾಗಿ ಗೊತ್ತಿರುವ ಕೊನೇ ಕ್ಷಣದಿಂದ. ನಿದ್ದೆಯಲ್ಲಿ ಹೊಡೆದರೆ ಹಿಂದಿನ ರಾತ್ರಿ ಮಲಗಿದ ಗಂಟೆಯಿಂದ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಮೊದಲು 108ಕ್ಕೆ ಫೋನ್ ಮಾಡಿ, ಆಮೇಲೆ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.

ನಾವು ಬರೆದಿಟ್ಟಿರಲಿಲ್ಲ. ತಮ್ಮ ಅಪ್ಪನ ಜೇಬಿಗೆ ಕೈಹಾಕಿದ. ಹಾಲು ಹಾಕಿದ ಚೀಟಿ ಸಿಕ್ಕಿತು: ಲೀಟರು, ಕೊಬ್ಬು, ಪಕ್ಕದಲ್ಲೇ 6.42. ಆಗ ಗೋಡೆ ಗಡಿಯಾರದಲ್ಲಿ 10.15. ಇಂಜೆಕ್ಷನ್ ಬಿದ್ದಾಗ 10.50. ಬಲಗೈ ಇನ್ನೂ ಪೂರ್ತಿ ಬಂದಿಲ್ಲ. ಡೇರಿಗೆ ಈಗ ಎಡಗೈಯಲ್ಲಿ ಕ್ಯಾನು ಹಿಡಿದು ಹೋಗ್ತಾರೆ.