ಒಂದೇ ಪತ್ರ, ನೂರಾರು ಹೆಸರು: ಮೇಲ್ ಮರ್ಜ್ ಎಂದರೇನು?

ಲಗ್ನಪತ್ರಿಕೆ ಎಲ್ಲರಿಗೂ ಒಂದೇ ಅಚ್ಚಿನದು. ಆದರೂ ಮೇಲೆ ಹೆಸರು ಬರೆಯಲು ಮನೆಯಲ್ಲಿ ಅಕ್ಷರ ಚೆನ್ನಾಗಿರುವವರನ್ನು ಕೂರಿಸುತ್ತೇವೆ. ಇ-ಮೇಲ್‌ನಲ್ಲಿ ಆ ಕೆಲಸ ಮಾಡುವುದೇ ಮೇಲ್ ಮರ್ಜ್. ಪತ್ರದ ಒಕ್ಕಣೆ ಒಂದು ಕಡೆ, ಹೆಸರು-ವಿಳಾಸಗಳ ಪಟ್ಟಿ ಇನ್ನೊಂದು ಕಡೆ. ಎರಡನ್ನೂ ಬೆಸೆದಾಗ ಒಬ್ಬೊಬ್ಬರಿಗೂ ಅವರವರ ಹೆಸರಿನ ಪತ್ರ ಸಿದ್ಧ. ಒಬ್ಬರ ವಿಳಾಸ ಮತ್ತೊಬ್ಬರಿಗೆ ಕಾಣಿಸುವುದೂ ಇಲ್ಲ.

ಚಿಕ್ಕ ಪಟ್ಟಿಗೆ ವರ್ಡ್ ಅಥವಾ ಲಿಬ್ರೆ ಆಫೀಸ್ ಸಾಕು. ದೊಡ್ಡ ಪಟ್ಟಿಯಾದರೆ ನಮ್ಮ ಕಂಪ್ಯೂಟರಿನಿಂದ ಒಂದೊಂದೇ ಪತ್ರ ಹೊರಡಬೇಕು, ಹಳ್ಳಿಯ ಸಂಪರ್ಕದಲ್ಲಿ ಅದು ಮುಗಿಯುವ ಕೆಲಸವಲ್ಲ. ಆಗ ಬೆಸೆಯುವ ಕೆಲಸವನ್ನು ಮೇಲ್ ಸರ್ವರಿಗೇ ಒಪ್ಪಿಸಬಹುದು. ಎರಿಕ್ ಥಾಮಸ್ 1986ರಲ್ಲಿ, ಪ್ಯಾರಿಸ್ಸಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆದ ಲಿಸ್ಟ್‌ಸರ್ವ್ ತಂತ್ರಾಂಶಕ್ಕೆ ಮುಂದೆ ಈ ಸೌಲಭ್ಯವೂ ಸೇರಿತು. ಇದರಲ್ಲಿ 'ಡಿಸ್ಟ್ರಿಬ್ಯೂಟ್' ಎಂಬ ಆಜ್ಞೆಯ ಜೊತೆ ಪಟ್ಟಿ ಮತ್ತು ಒಂದೇ ಒಂದು ಪತ್ರವನ್ನು ಕಳಿಸುತ್ತೇವೆ. ಹೆಸರು ಬರಬೇಕಾದ ಕಡೆ & ಚಿಹ್ನೆ, ಪಟ್ಟಿಯ ಅಂಕಣದ ಹೆಸರು, ಕೊನೆಗೆ ; ಚಿಹ್ನೆ. ಉಳಿದದ್ದು ಸರ್ವರಿನ ಪಾಡು. ಸರ್ವರ್ ನಡೆಸುವವರ ಅನುಮತಿ ಮಾತ್ರ ಬೇಕು.

ನಮ್ಮಂಥ ಗಡಿನಾಡಿನವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಷರತ್ತಿನ ಆಜ್ಞೆ. ಚುಕ್ಕಿಯಿಂದ ಶುರುವಾಗುವ '.ಬಿಬಿ' ಸಾಲಿನಲ್ಲಿ ಷರತ್ತು ಬರೆದು, '.ಇಬಿ' ಸಾಲಿನಲ್ಲಿ ಮುಗಿಸಿದರೆ, ನಡುವಿನ ಭಾಗ ಷರತ್ತಿಗೆ ಹೊಂದುವವರಿಗೆ ಮಾತ್ರ ಹೋಗುತ್ತದೆ. ಕಾಸರಗೋಡಿನ ಒಂದು ಸಂಘ ವಾರ್ಷಿಕೋತ್ಸವಕ್ಕೆ ಕರೆಯುತ್ತಿದೆ ಎನ್ನಿ. ಹಿರಿಯರಿಗೆ ಕನ್ನಡದ ಒಕ್ಕಣೆ. ಮನೆಯಲ್ಲಿ ಕನ್ನಡ ಆಡಿಯೂ ಶಾಲೆಯಲ್ಲಿ ಮಲಯಾಳಂ ಮಾತ್ರ ಓದಿದ ಹುಡುಗರಿಗೆ ಮಲಯಾಳಂನದು. ಪಟ್ಟಿಯಲ್ಲಿ 'ಭಾಷೆ' ಎಂಬ ಒಂದು ಅಂಕಣ ಹೆಚ್ಚಿಗೆ ಇದ್ದರಾಯಿತು. ತಾಳವಾಡಿಯಲ್ಲಿ ತಮಿಳು, ಅಕ್ಕಲಕೋಟೆಯಲ್ಲಿ ಮರಾಠಿ, ಹೀಗೆ.

ಕನ್ನಡದ ಹೆಸರುಗಳಿಗೆ ಒಂದು ಎಚ್ಚರಿಕೆ. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪಿಸಿದ ಪಟ್ಟಿಯನ್ನು ಹಾಗೆಯೇ ಹಾಕಿದರೆ, ತಲುಪುವುದು ಹೆಸರಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೊದಲು ಯೂನಿಕೋಡಿಗೆ ಬದಲಿಸಿ, ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸಬೇಕು.

ಇನ್ನೊಂದು ಎಡವಟ್ಟು ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವಾಗ ಆಗುತ್ತದೆ. ಹೆಸರಿನ ಅಂಕಣವನ್ನಷ್ಟೇ ಜೋಡಿಸಿ ವಿಳಾಸವನ್ನು ಬಿಟ್ಟರೆ ಎಲ್ಲರ ಪತ್ರವೂ ಅದಲುಬದಲು. ಒಂದು ಸಂಘದಿಂದ ನನಗೆ 'ಶ್ರೀಮತಿಯವರೇ' ಎಂದು ಕರೆ ಬಂದದ್ದು ಹೀಗೆಯೇ. ಸಂಬೋಧನೆಗೆ ನಗಬಹುದು, ಆದರೆ ಕೆಳಗೆ ಆ ಮಹಿಳೆಯ ಬಾಕಿ ಚಂದಾ ಎಷ್ಟೆಂಬುದೂ ಇತ್ತು. ಅದು ನಾನು ತಿಳಿಯಬೇಕಾದ ವಿಷಯವಾಗಿರಲಿಲ್ಲ.

ಮಿತಿಗಳೂ ಇವೆ. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 500ಕ್ಕಿಂತ ಹೆಚ್ಚು ಪತ್ರ ಕಳಿಸಲು ಹೋದರೆ ಖಾತೆಗೆ ತಡೆ ಬೀಳುತ್ತದೆ. ದಿನಕ್ಕೆ 5,000ಕ್ಕೂ ಮೇಲೆ ಜಿಮೇಲ್ ವಿಳಾಸಗಳಿಗೆ ಕಳಿಸುವವರಿಗೆ ಗೂಗಲ್ 2024ರ ಫೆಬ್ರವರಿಯಿಂದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಗುರುತುಗಳನ್ನು ಕಡ್ಡಾಯ ಮಾಡಿದೆ. ಪತ್ರ ನಿಜವಾಗಿ ಆ ಹೆಸರಿನವರಿಂದಲೇ ಬಂದದ್ದು ಎಂಬುದಕ್ಕೆ ಇವು ಸಾಕ್ಷಿ. ಪ್ರಚಾರದ ಪತ್ರವಾದರೆ ಒಂದೇ ಕ್ಲಿಕ್ಕಿನಲ್ಲಿ ಪಟ್ಟಿಯಿಂದ ಹೊರಬರುವ ದಾರಿಯನ್ನೂ ಕೊಡಬೇಕು.

ಕಳಿಸುವ ಮೊದಲು ಮೂರೇ ಸಾಲಿನ ಪಟ್ಟಿ ಮಾಡಿ, ನಿಮ್ಮದೇ ವಿಳಾಸಗಳಿಗೆ ಕಳಿಸಿ ನೋಡಿ. ಒಂದರಲ್ಲಿ ಹೆಸರಿನ ಜಾಗ ಖಾಲಿ ಬಿಡಿ. 'ಮಾನ್ಯ' ಎಂದಾದ ಮೇಲೆ ಬರೀ ಅಲ್ಪವಿರಾಮ ಬಂದರೆ, ಅಂಥವರಿಗಾಗಿ 'ಮಾನ್ಯ ಸದಸ್ಯರೇ' ಎಂಬ ಷರತ್ತಿನ ಸಾಲು ಸೇರಿಸಿಕೊಳ್ಳಿ.