ರಸಬಾಳೆ ನಿಂತಿದ್ದ ಜಾಗ

ನಿವೃತ್ತನಾದ ವರ್ಷ ನನಗೆ ಹಿತ್ತಿಲಿನ ಹುಚ್ಚು ಹಿಡಿಯಿತು. ಬಂಧುಗಳೊಬ್ಬರ ತೋಟದಿಂದ ನಂಜನಗೂಡು ರಸಬಾಳೆಯ ಆರು ಕಂದುಗಳನ್ನು ತಂದು ಬಾವಿಯ ಬಳಿ ನೆಟ್ಟೆ. (ಬಾಳೆಯನ್ನು ಮರವೆನ್ನಲು ಸಸ್ಯಶಾಸ್ತ್ರಜ್ಞರು ಒಪ್ಪುವುದಿಲ್ಲ, ಹಿತ್ತಿಲಿನ ಹಣ್ಣಿನ ಮಾತು ಬಂದಾಗ ನಾನು ಅವರನ್ನು ಕೇಳುವುದೂ ಇಲ್ಲ.) ಗಿಡಗಳು ಆಳೆತ್ತರಕ್ಕೆ ಬಂದ ಮೇಲೆ ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು, ಲಂಗದಂತೆ ಸುತ್ತಲೂ ಜೋತುಬಿದ್ದವು. ನೀರು ಸಾಲದೆಂದು ಭಾವಿಸಿ ಇನ್ನಷ್ಟು ನೀರೆರೆದೆ. ಕೊನೆಗೆ ಒಂದನ್ನು ಕಡಿದು ನೋಡಿದರೆ ಒಳಗೆಲ್ಲ ಕೆಂಗಂದು ಗೆರೆಗಳು. ಆರರಲ್ಲಿ ಒಂದೂ ಗೊನೆ ಬಿಡಲಿಲ್ಲ.

ಇದು ಪನಾಮ ಸೊರಗು ರೋಗ. ಹೆಸರು ಪನಾಮದ್ದಾದರೂ ಮೊದಲ ವರದಿ ಅಲ್ಲಿನದಲ್ಲ. ಆಸ್ಟ್ರೇಲಿಯದ ಬ್ರಿಸ್ಬೇನ್ ಬಳಿ ಜೋಸೆಫ್ ಬ್ಯಾಂಕ್ರಾಫ್ಟ್ ಎಂಬ ವೈದ್ಯರು ಇದನ್ನು 1876ರಲ್ಲಿ ವರ್ಣಿಸಿದರು. ಮಣ್ಣಿನಲ್ಲಿರುವ ಶಿಲೀಂಧ್ರವೊಂದು ಬೇರಿನಿಂದ ಒಳಹೊಕ್ಕು ಗಿಡದ ನೀರಿನ ದಾರಿಯನ್ನೇ ಮುಚ್ಚಿಬಿಡುತ್ತದೆ. ಹೀಗಾಗಿ ಎಷ್ಟು ನೀರೆರೆದರೂ ಗಿಡ ಬಾಯಾರಿಯೇ ಸಾಯುತ್ತದೆ. ಗಿಡ ಸತ್ತ ಮೇಲೂ ಶಿಲೀಂಧ್ರ ದಶಕಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ರೋಗದ ತೋಟದ ಕಂದು, ಗುದ್ದಲಿಗೆ ಮೆತ್ತಿದ ಮಣ್ಣು, ಹರಿದು ಬಂದ ನೀರು, ಇವೇ ಅದರ ವಾಹನಗಳು. ನಾನು ಅದನ್ನು ಪ್ರೀತಿಯಿಂದ ಚೀಲದಲ್ಲಿ ಹೊತ್ತು ತಂದಿದ್ದೆ.

ಮಧ್ಯ ಅಮೆರಿಕದಲ್ಲಿ ಇದೇ ಕಥೆ ಸಾವಿರಾರು ಎಕರೆಗಳಲ್ಲಿ ನಡೆಯಿತು. ಅಲ್ಲಿಂದ ಹಡಗೇರುತ್ತಿದ್ದ ಬಾಳೆಯೆಲ್ಲ ಬಹುಪಾಲು ಗ್ರೋ ಮಿಷೆಲ್ ಎಂಬ ಒಂದೇ ತಳಿ. ಕಂದಿನಿಂದ ಕಂದಿಗೆ ಬೆಳೆದದ್ದಾದ್ದರಿಂದ ಒಂದು ಗಿಡದ ದೌರ್ಬಲ್ಯ ಎಲ್ಲ ಗಿಡಗಳದೂ ಆಯಿತು. ಕಂಪನಿಗಳು ಸತ್ತ ತೋಟಗಳನ್ನು ಬಿಟ್ಟು ಹೊಸ ಕಾಡು ಕಡಿದವು. ರೋಗ ಅಲ್ಲಿಗೂ ಬಂತು. 1960ರ ದಶಕದ ಹೊತ್ತಿಗೆ ಅವು ಕ್ಯಾವೆಂಡಿಷ್ ತಳಿಗೆ ಶರಣಾದವು. ಇಂಗ್ಲೆಂಡಿನ ಚಾಟ್ಸ್‌ವರ್ತ್ ಅರಮನೆಯ ಗಾಜಿನ ಮನೆಯಲ್ಲಿ ಅದರ ಗಿಡವನ್ನು 1830ರ ದಶಕದಲ್ಲಿ ಸಾಕಿದ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್. ಮುಂದೆ 1851ರ ಸ್ಫಟಿಕ ಅರಮನೆಯನ್ನು ರೂಪಿಸಿದಾತನೂ ಅವನೇ. ಯಜಮಾನನ ಮನೆತನದ ಹೆಸರೇ ಹಣ್ಣಿಗೆ ಅಂಟಿಕೊಂಡಿತು. ನಮ್ಮ ಪಚ್ಚಬಾಳೆ ಇದೇ ಬಳಗದ್ದು.

ಅಲ್ಲಿಗೆ ಗೆದ್ದಂತಾಯಿತೆಂದು ಎಲ್ಲರೂ ನಂಬಿದರು. ಆದರೆ ಕ್ಯಾವೆಂಡಿಷ್ ತಡೆದದ್ದು ಆ ಶಿಲೀಂಧ್ರದ ಒಂದು ಬಗೆಯನ್ನು ಮಾತ್ರ. ತೈವಾನಿನಲ್ಲಿ ಕಾಣಿಸಿಕೊಂಡ ಇನ್ನೊಂದು ಬಗೆ ಕ್ಯಾವೆಂಡಿಷನ್ನೂ ಕೆಡವಿತು. ಅದು 2019ರಲ್ಲಿ ಕೊಲಂಬಿಯವನ್ನು ಮುಟ್ಟಿತು. ನಮ್ಮ ಬಿಹಾರದಲ್ಲೂ ಕಂಡುಬಂದಿದೆ. ರೋಗನಿರೋಧಕ ತಳಿ ಎಂದು ಮಾರುವವನನ್ನು ನಾನೀಗ ಕೇಳುವ ಮೊದಲ ಪ್ರಶ್ನೆ: ಯಾವ ರೋಗಕ್ಕೆ?

ಮೈಸೂರಿನ ಪಾಲಿಗೆ ಈ ಇತಿಹಾಸದಲ್ಲೊಂದು ವಿಚಿತ್ರವಿದೆ. ನಮ್ಮ ಹೆಮ್ಮೆ ರಸಬಾಳೆ. ಭೌಗೋಳಿಕ ಸೂಚಕದ ಮಾನ್ಯತೆಯೂ ಅದಕ್ಕುಂಟು, ಆದರೆ ಈ ಸೊರಗಿನ ಮುಂದೆ ಅದು ನಿಲ್ಲಲಾರದು. ಲೋಕದ ಬಾಳೆ ಶಾಸ್ತ್ರದಲ್ಲಿ ‘ಮೈಸೂರು’ ಎಂದು ಪ್ರಸಿದ್ಧವಾದದ್ದು ಬೇರೊಂದು: ತಮಿಳರ ಪೂವನ್, ಮಲೆಯಾಳಿಗಳ ಪಾಳಯಂಕೋಡನ್. ಸ್ವಲ್ಪ ಹುಳಿ, ರೂಪದಲ್ಲಿ ಸಾಧಾರಣ, ಈ ಸೊರಗಿಗೆ ಮಾತ್ರ ಬಗ್ಗದ ಗಟ್ಟಿಗ. ಅದಕ್ಕೂ ತನ್ನದೇ ಕಾಟವಿದೆ: ಎಲೆಯ ಮೇಲೆ ಗೆರೆ ಮೂಡಿಸುವ ಒಂದು ವೈರಸ್ಸಿಗೆ ಮೈಸೂರಿನ ಹೆಸರೇ ಸಂದಿದೆ.

ಬಾವಿಯ ಬಳಿ ಈಗ ಅದೇ ನಿಂತಿದೆ, ಎರಡು ಗೊನೆ ಕೊಟ್ಟಿದೆ. ಮನೆಯವರು ತಿನ್ನುತ್ತಾರೆ, ಹೊಗಳುವುದಿಲ್ಲ. ನನಗಂತೂ ರಸಬಾಳೆಯ ಆಸೆ ಬಿಟ್ಟಿಲ್ಲ. ಅಂಗಾಂಶ ಕೃಷಿಯ ಸಸಿ ರೋಗವನ್ನು ಹೊತ್ತು ತರುವುದಿಲ್ಲ, ಕೆಟ್ಟ ಮಣ್ಣಿಗಿಟ್ಟರೆ ಅದೂ ಸಾಯುತ್ತದೆ ಎಂಬುದನ್ನು ಅರಿತು, ಹಿತ್ತಿಲಿನಲ್ಲಿ ಬಾವಿಯಿಂದ ದೂರದ ಎತ್ತರದ ಮೂಲೆಯಲ್ಲಿ, ಹೊಸ ಗುದ್ದಲಿಯಿಂದ ಗುಂಡಿ ತೋಡಿ ಒಂದೇ ಒಂದು ಸಸಿ ನೆಟ್ಟಿದ್ದೇನೆ. ಬಾವಿಯ ಕಡೆ ಓಡಾಡಿದ ಚಪ್ಪಲಿಯಲ್ಲಿ ಅತ್ತ ಯಾರೂ ಸುಳಿಯಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆ. ಇವತ್ತಿಗೆ ಏಳನೆಯ ಎಲೆ ಬಿಚ್ಚಿದೆ.