ಧಣಿಯೂ ನಾವೇ, ಒಕ್ಕಲೂ ನಾವೇ

ಬೆಂಗಳೂರಿನ ಬಡಾವಣೆಯೊಂದರಲ್ಲಿ ಸಾಲುಮನೆ ಕೊಂಡ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಕುಮಟೆಗೆ ಬಂದಿದ್ದ. "ಮಾಸ್ತರೇ, ಅಂಗಳದಲ್ಲಿ ಹಪ್ಪಳ ಒಣಗಿಸಲೂ ಸಂಘದ ಅಪ್ಪಣೆ ಬೇಕು" ಎಂದು ನೊಂದುಕೊಂಡ. ಇದು ಅಮೆರಿಕದಿಂದ ಈಚೆಗೆ ಬಂದ ಪದ್ಧತಿಯೆಂದು ಅವನ ಎಣಿಕೆ.

ಆದರೆ ಇದರ ಹಳೆಯ ಬೇರೊಂದು ನಮ್ಮವರದೇ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂದೆ ಕುಮಟಾ, ಹೊನ್ನಾವರ, ಭಟ್ಕಳಗಳ ಅನೇಕ ಚಿತ್ರಾಪುರ ಸಾರಸ್ವತ ಕುಟುಂಬಗಳು ಉದ್ಯೋಗವನ್ನರಸಿ ಮುಂಬಯಿಗೆ ಹೋದವು. ಅಲ್ಲಿ ಕೆಲಸಕ್ಕಿಂತ ಮನೆ ದುರ್ಲಭ. 1904ರ ಸಹಕಾರಿ ಕಾಯಿದೆ ಸಾಲದ ಸಂಘಗಳಿಗೆ ಮಾತ್ರ ಅವಕಾಶ ನೀಡಿತ್ತು. 1912ರ ಕಾಯಿದೆ ಇತರ ಉದ್ದೇಶಗಳಿಗೂ ದಾರಿ ತೆರೆಯಿತು. 1906ರಲ್ಲೇ ಶಾಮರಾವ್ ವಿಠಲ ಸಹಕಾರಿ ಸಂಘವನ್ನು ಕಟ್ಟಿದ್ದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ಮುಂದಾಳುತನದಲ್ಲಿ, 1915ರಲ್ಲಿ ಗಾಮದೇವಿಯ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು.

ಅದರ ತತ್ತ್ವ ಸರಳ: ಕಟ್ಟಡ ಸಂಘದ್ದು, ಸದಸ್ಯನು ಪಾಲುದಾರನೂ ಹೌದು, ಬಾಡಿಗೆದಾರನೂ ಹೌದು. ಮನಬಂದಂತೆ ಹೊರಹಾಕುವ ಧಣಿಯಿಲ್ಲ. ಮನಬಂದಂತೆ ನಡೆಯುವ ಸ್ವಾತಂತ್ರ್ಯವೂ ಇಲ್ಲ.

ಒಂದು ಕೊರತೆಯನ್ನು ಮುಚ್ಚಿಡಲಾರೆ. ಇಂಥ ಮನೆಗಳ ಬಾಗಿಲು ಒಂದೇ ಸಮಾಜಕ್ಕೆ ತೆರೆದಿತ್ತು. ಪಾರ್ಸಿ ಸಂಘವೊಂದರ ಇಂತಹುದೇ ಉಪನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕಾನೂನು ಒಪ್ಪಿದರೂ, ಎಲ್ಲ ಮಕ್ಕಳನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ ನನ್ನ ಮನಸ್ಸು ಒಪ್ಪದು.

"ಸಂಘದ ವಾರ್ಷಿಕ ಸಭೆಗೆ ಹೋಗಿದ್ದೀಯಾ?" ಎಂದು ಶಿಷ್ಯನನ್ನು ಕೇಳಿದೆ. ಒಮ್ಮೆಯೂ ಇಲ್ಲವಂತೆ.

"ಹಾಗಾದರೆ ಹೋಗು. ಹಪ್ಪಳದ ಮಾತನ್ನು ಅಲ್ಲಿ ಎತ್ತು" ಎಂದೆ.